ಸೋರಿಕೆಯೂ ಉಳಿತಾಯವೂ

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಮನೆಗೆ ಹೇಳಿಕೊಳ್ಳುವಂತೆ ನಗರಪಾಲಿಕೆಗೂ ಹೇಳುವುದುಂಟು. ಆದರೆ ಕಾಲು ಮಡಚಿಕೊಳ್ಳುವುದೊಂದೇ ಮಿತವ್ಯಯವಲ್ಲ. ಹರಿದ ಹಾಸಿಗೆಯನ್ನು ಹೊಲಿಯುವುದೂ ಮಿತವ್ಯಯವೇ. ಬೆಳಗಾವಿಯ ನೀರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ನೆರೆದವರ ನೀರಿಗಾಗಿ ಟಿಳಕವಾಡಿಯಲ್ಲಿ ಒಂದು ದೊಡ್ಡ ಬಾವಿಯನ್ನು ತೋಡಿಸಿದರು. ತಗುಲಿದ ವೆಚ್ಚ 4,370 ರೂಪಾಯಿ 3 ಆಣೆ. ಕೆಲವು ದಿನಗಳ ಸಮಾವೇಶಕ್ಕೆ ಇಷ್ಟೊಂದು ಖರ್ಚೇ ಎಂದು ಅಂದು ಯಾರಾದರೂ ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಮುಂದೆ ರಕ್ಕಸಕೊಪ್ಪದ ಜಲಾಶಯ ಬಂದಿತು, ನಳಗಳು ಬಂದವು, ಬಾವಿಗಳು ಮರೆತುಹೋದವು. 1990ರ ದಶಕದ ನಡುವಿನ ನೀರಿನ ಬರದಲ್ಲಿ ಹಳೆಯ ಬಾವಿಗಳ ಹೂಳೆತ್ತಿಸಿದಾಗ ಆ ಕಾಂಗ್ರೆಸ್ ಬಾವಿಯೂ ಊರಿಗೆ ಒದಗಿತು. ಎಪ್ಪತ್ತು ವರ್ಷಗಳ ಅನಂತರ ಫಲ ಕೊಟ್ಟ ವೆಚ್ಚವನ್ನು ದುಂದು ಎನ್ನಲಾದೀತೆ?

ಖರ್ಚು ಉಳಿತಾಯವಾಗಬಲ್ಲುದಾದಂತೆ ಉಳಿತಾಯವೂ ಖರ್ಚಾಗಬಲ್ಲುದು. ಖಾಸಬಾಗದಂಥ ನೇಕಾರರ ಬಡಾವಣೆಯನ್ನು ನೆನೆಯಿರಿ. ನಳಕ್ಕೆ ನೀರು ಬರುವ ಹೊತ್ತಿಗೆ ಮಗ್ಗ ಬಿಟ್ಟು ಏಳಬೇಕು; ಕೊಡ, ಹಂಡೆ, ಪೀಪಾಯಿ ತುಂಬಬೇಕು. ಮರುಸರತಿ ಬಂದಾಗ ಮಿಕ್ಕ ಹಳೆಯ ನೀರನ್ನು ಚೆಲ್ಲಿ ಹೊಸದನ್ನು ಹಿಡಿಯಬೇಕು. ನೇಯದೆ ಉಳಿದ ಮೊಳಗಳು, ಟಾಕಿಗೂ ಪಂಪಿಗೂ ತೆತ್ತ ಹಣ, ಇವಾವುವೂ ಪಾಲಿಕೆಯ ಆಯವ್ಯಯ ಪತ್ರದಲ್ಲಿ ಕಾಣುವುದಿಲ್ಲ. ಪಾಲಿಕೆ ಉಳಿಸಿದ ರೂಪಾಯಿಯನ್ನು ನೇಕಾರನ ಹೆಂಡತಿ ತೆತ್ತಿರುತ್ತಾಳೆ.

ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಭಾಗಗಳಲ್ಲಿ ಹಗಲಿರುಳೂ ನೀರು ಕೊಡುವ ಪ್ರಯೋಗ ನಡೆದು 2008ರ ವೇಳೆಗೆ ಕೈಗೂಡಿತು. ದಿನವಿಡೀ ಹರಿಸಿದರೆ ಜಲಾಶಯ ಬರಿದಾದೀತು ಎಂದು ಅಂಜಿದವರಿದ್ದರು. ಆದದ್ದು ಬೇರೆ. ಹಳೆಯ ಪೈಪು ಬದಲಾಯಿಸಿ, ಮನೆಮನೆಗೆ ಮೀಟರು ಕೂರಿಸಿದ ಆ ಭಾಗಗಳಲ್ಲಿ ಸೋರಿಕೆ ಶೇಕಡಾ 10ಕ್ಕಿಂತ ಕೆಳಗಿಳಿಯಿತು. ಎಂದೂ ಬತ್ತದ ನಳದ ಮುಂದೆ ಯಾರೂ ಹಂಡೆ ತುಂಬಿಡುವುದಿಲ್ಲ, ತುಂಬಿದ್ದನ್ನು ಚೆಲ್ಲುವುದೂ ಇಲ್ಲ. ಇನ್ನೊಂದು ಲಾಭವೂ ಉಂಟು. ಒತ್ತಡವಿಲ್ಲದೆ ಬರಿದಾದ ಪೈಪು ತನ್ನ ಬಿರುಕುಗಳಿಂದ ಚರಂಡಿಯ ನೀರನ್ನು ಹೀರಿಕೊಳ್ಳುತ್ತದೆ; ಸದಾ ತುಂಬಿದ ಪೈಪಿನಲ್ಲಿ ಆ ಭಯ ಕಡಿಮೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನಿರಂತರ ನೀರಿನಲ್ಲಿ ಕಲ್ಮಷ ಕಡಿಮೆಯೆಂದು ತೋರಿಸಿತು. ವೈದ್ಯರಿಗೆ ತೆರದ ಹಣವೂ ಉಳಿತಾಯವಲ್ಲವೆ?

ಆದರೂ ಆ ಪ್ರಯೋಗ ಮುಟ್ಟಿದ್ದು ಈ ನಗರಗಳ ಸುಮಾರು ಹತ್ತನೆಯ ಒಂದು ಪಾಲು ಜನರನ್ನು. ಅದನ್ನು ಎಲ್ಲೆಡೆ ಹಬ್ಬಿಸುವ ಕೆಲಸ ಒಂದು ದಶಕಕ್ಕೂ ಮಿಕ್ಕಿ ಎಳೆಯಿತು. ಮೀಟರೆಂದರೆ ಬಡವರಿಗೆ ಅಂಜಿಕೆ, ಅದು ಸಹಜವೂ ಹೌದು. ಜೀವನಕ್ಕೆ ಬೇಕಾದಷ್ಟು ನೀರಿಗೆ ದರ ಹಗುರವಾಗಿರಲೇಬೇಕು. ಅದಕ್ಕೂ ಮೊದಲು ಪಾಲಿಕೆ ತನ್ನನ್ನು ತಾನೇ ಅಳೆದುಕೊಳ್ಳಲಿ. ಒಂದೊಂದು ಬಡಾವಣೆಗೆ ಬಿಟ್ಟ ನೀರೆಷ್ಟು, ಮನೆಗಳಿಗೆ ಮುಟ್ಟಿದ್ದೆಷ್ಟು ಎಂಬ ಎರಡೇ ಅಂಕಿಗಳನ್ನು ತಿಂಗಳಿಗೊಮ್ಮೆ ಫಲಕದ ಮೇಲೆ ಬರೆದು ನಿಲ್ಲಿಸಲಿ. ಖಾಸಬಾಗದ ರವಿವಾರದ ಸಂತೆಗೆ ಬಂದವರು ಅದನ್ನು ನಿಂತು ಓದಲಿ. ಆ ಎರಡು ಅಂಕಿಗಳ ನಡುವಣ ಅಂತರವೇ ನಮ್ಮ ಹಾಸಿಗೆಯ ಹರಕು. ಅದನ್ನು ಹೊಲಿಯುವ ಮುನ್ನ ನಾಗರಿಕರಿಗೆ ಕಾಲು ಮಡಚಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.