ಅಂಚು ಎಲ್ಲಿದೆ?

ಪಲ್ಲಾವರಂನ ಲ್ಯಾಬಿನಲ್ಲಿ ದಿನವಿಡೀ ಏನಮ್ಮಾ ಮಾಡ್ತೀಯ ಎಂದು ನಮ್ಮ ಸಂಘದ ಹಿರಿಯರು ಕೇಳುತ್ತಿರುತ್ತಾರೆ. ಕಬ್ಬಿಣದ ಒಬ್ಬಟ್ಟು ಕೊಯ್ದು ಕಣಕ ಎಷ್ಟು ದಪ್ಪವಿದೆ ಅಂತ ನೋಡ್ತೀನಿ, ಅಂತೀನಿ.

ಬೋಲ್ಟಿನ ಮೇಲಿನ ನಿಕಲ್ ಲೇಪವೇ ಆ ಕಣಕ. ಬೋಲ್ಟನ್ನು ಅಡ್ಡ ಕೊಯ್ದು, ರಾಳದಲ್ಲಿ ಕೂರಿಸಿ, ಕನ್ನಡಿಯಂತೆ ಉಜ್ಜಿ, ನೈಟಾಲ್ ಸವರುತ್ತೇವೆ. ಉಕ್ಕು ಕಪ್ಪಾಗುತ್ತದೆ, ನಿಕಲ್ ಬೆಳ್ಳಗೇ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೋ ಇಮೇಜ್‌ಜೆ ತಂತ್ರಾಂಶಕ್ಕೆ ಹೋಗುತ್ತದೆ. ಅಮೆರಿಕದ ವೇಯ್ನ್ ರಾಸ್‌ಬ್ಯಾಂಡ್ ಬರೆದದ್ದು, ಉಚಿತವಾಗಿ ಸಿಗುತ್ತದೆ. ಅದಕ್ಕೆ ಬೋಲ್ಟೂ ಗೊತ್ತಿಲ್ಲ, ಲೇಪವೂ ಗೊತ್ತಿಲ್ಲ. ಕಪ್ಪು 0, ಬಿಳಿ 255, ನಡುವೆಲ್ಲ ಬೂದು. ಯಾವ ಅಂಕಿಯಿಂದ ಮೇಲೆ ನಿಕಲ್ ಎಂದು ನಾವೇ ಹೇಳಬೇಕು. ಹೇಳಿದರೆ ಅಂಚಿನ ಗೆರೆಯನ್ನು ಬಿಂದು ಬಿಂದುವಾಗಿ ಕೊಡುತ್ತದೆ.

(1863ರಲ್ಲಿ ಇದೇ ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದರು. ಅವರಿಗೆ ಬರಿಗಣ್ಣೇ ಸಾಕಾಯಿತು!)

ಒಮ್ಮೆ ಕನಿಷ್ಠ 8 ಮೈಕ್ರಾನ್ ಇರಬೇಕಾದ ಲೇಪ 6.5 ಬಂತು. ಇಡೀ ಲಾಟ್ ವಾಪಸ್ ಹೋಗುವ ಮಾತು. ಲೇಪ ಹಾಕಿದವರು ಫೋನ್ ಮಾಡಿ, "ಆ ಅಂಕಿ ಸ್ವಲ್ಪ ಇಳಿಸಿ ಮೇಡಂ" ಎಂದರು. ಇಳಿಸಿದರೆ ಗೆರೆ ಮೂರು ಪಿಕ್ಸೆಲ್ ಸರಿಯುತ್ತದೆ. ಪಿಕ್ಸೆಲಿಗೆ ಅರ್ಧ ಮೈಕ್ರಾನ್, ಅಲ್ಲಿಗೆ 8. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಆದರೆ ಫೋಟೋದಲ್ಲಿ ಹೊರ ಅಂಚು ನಿಜಕ್ಕೂ ಮಸುಕಾಗಿತ್ತು. ರಾಳ ಮೆತ್ತಗಿದ್ದು, ಉಜ್ಜುವಾಗ ಅಂಚು ದುಂಡಾಗಿತ್ತು. ತಪ್ಪು ನಮ್ಮದೇ. ಹೊಸ ತುಂಡು, ಗಟ್ಟಿ ರಾಳ, ಅದೇ ಅಂಕಿ, ಇಪ್ಪತ್ತು ಜಾಗದಲ್ಲಿ ಅಳೆದೆ. ಸರಾಸರಿ 7.2.

ಲಾಟ್ ವಾಪಸ್ ಹೋಯಿತು. ಅವರು ಈಗಲೂ ಮಾದರಿಗಳನ್ನು ನಮಗೇ ಕಳಿಸುತ್ತಾರೆ. ಫೋನ್ ಮಾತ್ರ ಮಾಡುವುದಿಲ್ಲ.