ಒಂದು ಹನಿ ಬಿದ್ದಿಲ್ಲ, ಕೂಲೆಂಟ್ ಎಲ್ಲಿ ಹೋಯ್ತು?

ಇವತ್ತಿನ ಮಾತು ಹಳೇ ಕಾರು ಇಟ್ಕೊಂಡಿರೋರಿಗೆ. ಅದರಲ್ಲೂ ಕೆಜಿಎಫ್, ಬಂಗಾರಪೇಟೆ ಕಡೆಯವರು ಸ್ವಲ್ಪ ಗಮನ ಇಟ್ಟು ಕೇಳಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಹದಿನೈದು ವರ್ಷದ ಕಾರು ಅಂದ್ಕೊಳ್ಳಿ. ವಾರಕ್ಕೊಂದು ಸಲ ಬಾನೆಟ್ ಎತ್ತಿದ್ರೆ ಕೂಲೆಂಟ್ ಬಾಟಲಿ ಕೆಳಗಿನ ಗೆರೆಗಿಂತ ಇಳಿದಿರತ್ತೆ. ಕಾರು ನಿಲ್ಲಿಸಿದ ಜಾಗದಲ್ಲಿ ಒದ್ದೆ ಇಲ್ಲ. ಟೆಂಪರೇಚರ್ ಮುಳ್ಳೂ ಮಧ್ಯದಲ್ಲೇ ಇದೆ. ಒಂದು ಗ್ಯಾರೇಜಲ್ಲಿ "ಹಳೇ ಗಾಡಿ, ಸ್ವಲ್ಪ ಕುಡಿಯತ್ತೆ ಬಿಡಿ" ಅಂತಾರೆ. ಇನ್ನೊಂದು ಕಡೆ ನೋಡಿದ ತಕ್ಷಣ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂತಾರೆ. ಎರಡೂ ಮಾತು ನಂಬಬೇಡಿ. ಕೂಲೆಂಟ್ ಸುತ್ತೋದು ಮುಚ್ಚಿದ ದಾರಿಯಲ್ಲಿ. ಅದು ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಕಡಿಮೆ ಆಗ್ತಿದೆ ಅಂದ್ರೆ ಎಲ್ಲೋ ಹೊರಗೆ ಹೋಗ್ತಿದೆ, ಇಲ್ಲ ಎಂಜಿನ್ ಒಳಗೆ ಸೇರ್ತಿದೆ. ಇದರಲ್ಲಿ ಯಾವುದು ಅಂತ ಗೊತ್ತಾಗೋ ಮುಂಚೆ ಎಂಜಿನ್ ಬಿಚ್ಚಿದ್ರೆ, ಕೆಲವು ಸಲ ಕಾರಿನ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗತ್ತೆ.

ಹಾಗಾದ್ರೆ ನೆಲಕ್ಕೆ ಹನಿ ಯಾಕೆ ಬೀಳಲ್ಲ? ಸಣ್ಣ ಸೋರಿಕೆ ಬಿಸಿ ಎಂಜಿನ್ ಮೇಲೇ ಆವಿಯಾಗಿಬಿಡತ್ತೆ. ಉಳಿಯೋದು ಕಲೆ ಮಾತ್ರ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಫೋನಿನ ಟಾರ್ಚ್ ಹಾಕಿ ಹುಡುಕಿ: ಹೋಸ್ ಪೈಪ್ ಕ್ಲಿಪ್ ಹತ್ರ, ರೇಡಿಯೇಟರಿನ ಎರಡೂ ಅಂಚಲ್ಲಿ, ವಾಟರ್ ಪಂಪ್ ಕೆಳಗೆ. ಹಸಿರು, ಗುಲಾಬಿ ಅಥವಾ ಬಿಳಿ ಬಣ್ಣದ ಒಣಗಿದ ಪುಡಿ ಕಂಡ್ರೆ ಕಳ್ಳ ಸಿಕ್ಕಿದ ಹಾಗೇ. ಕಾರಿನ ಒಳಗೆ ಮುಂದಿನ ಸೀಟಿನ ಕಾಲಡಿ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಜಾರುವಂಥ ಒದ್ದೆ, ಸಿಹಿ ವಾಸನೆ ಇದ್ರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಸೋರ್ತಿದೆ. ಏಸಿ ಹಾಕಿದಾಗ ಕಾರಿನ ಕೆಳಗೆ ಬೀಳೋ ತಿಳಿ ನೀರು ಬೇರೆ, ಅದಕ್ಕೆ ಭಯ ಬೇಡ. ನಾಲಿಗೆಗೆ ಹಚ್ಚಿ ನೋಡೋಕೆ ಮಾತ್ರ ಹೋಗಬೇಡಿ, ಕೂಲೆಂಟ್ ವಿಷ.

ಆಮೇಲೆ ನೋಡಬೇಕಾದ್ದು ರೇಡಿಯೇಟರ್ ಕ್ಯಾಪ್. ಎಲ್ಲಕ್ಕಿಂತ ಅಗ್ಗದ ಭಾಗ ಇದು, ಎಲ್ಲರೂ ಮರೆಯೋದೂ ಇದನ್ನೇ. ಅದರ ಮೇಲೆ 0.9 ಅಥವಾ 1.1 ಅಂತ ಅಂಕಿ ಇರತ್ತೆ. ಅಷ್ಟು ಒತ್ತಡ ಹಿಡಿದಿಡೋದು ಅದರ ಕೆಲಸ. ಒತ್ತಡ ಇದ್ರೆ ನೀರು ಕುದಿಯೋದು ತಡ ಆಗತ್ತೆ. ನಮ್ಮ ಕೆಜಿಎಫ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿವರೆಗೂ ಕಾಯಲ್ಲ, ಸುಮಾರು 97ಕ್ಕೇ ಕುದಿಯತ್ತೆ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ರೆ ಕೂಲೆಂಟ್ ಬಾಟಲಿಗೆ ನುಗ್ಗಿ, ಉಕ್ಕಿ, ಓಡೋ ದಾರಿಯಲ್ಲೇ ಚೆಲ್ಲಿ ಹೋಗತ್ತೆ. ಮನೆ ಮುಂದೆ ನಿಲ್ಲಿಸಿದಾಗ ಏನೂ ಕಾಣಲ್ಲ. ಹೊಸಕೋಟೆಯಿಂದ ಬೇತಮಂಗಲದ ಕಡೆ ಬರೋ ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಿದಾಗ ಇಂಥ ದೋಷ ಬೇಗ ಹೊರಗೆ ಬರತ್ತೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗಿ ಬಂದ್ರೆ ವರ್ಷಗಟ್ಟಲೆ ಗೊತ್ತಾಗದೇ ಇರಬಹುದು.

ಈಗ ನಮ್ಮೂರಿನ ವಿಷಯ. ಬಾಟಲಿ ಇಳಿದಾಗ ನಾವು ಏನ್ ಮಾಡ್ತೀವಿ? ನಲ್ಲಿ ಹತ್ರ ಹೋಗಿ ತುಂಬಿಸ್ತೀವಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ, ಬೋರ್‌ವೆಲ್ಲು ಸಾವಿರ ಅಡಿ ದಾಟಿದೆ. ಆ ನೀರು ಎಷ್ಟು ಗಡಸು ಅನ್ನೋದಕ್ಕೆ ನಿಮ್ಮ ಮನೆ ವಾಟರ್ ಹೀಟರ್ ಕಾಯಿಲ್ ನೋಡಿ, ಬಿಳೀ ಪದರ ಕಟ್ಟಿರತ್ತೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟತ್ತೆ. ಕೂಲೆಂಟಲ್ಲಿರೋ ತುಕ್ಕು ತಡೆಯೋ ರಾಸಾಯನಿಕ ತೆಳುವಾಗತ್ತೆ, ಲೋಹಕ್ಕೆ ಸೂಜಿ ಮೊನೆಯಷ್ಟು ತೂತು ಬೀಳತ್ತೆ, ಮತ್ತೆ ಸೋರತ್ತೆ, ಮತ್ತೆ ಅದೇ ನೀರು ಹಾಕ್ತೀವಿ. ಬಂಗಾರಪೇಟೆ ಪಾನಿಪುರಿಗೆ ಬಣ್ಣ ಇಲ್ಲದ ಪಾನಿಯೇ ಹೆಸರು ತಂದಿರೋದು. ಕೂಲೆಂಟ್ ಬಾಟಲಿಯಲ್ಲಿ ಪಾನಿ ಹಾಗೆ ತಿಳಿಯಾಗಿ ಕಂಡ್ರೆ ಮಾತ್ರ ಒಳ್ಳೇ ಲಕ್ಷಣ ಅಲ್ಲ. ಮೊದಲೇ ಬೆರೆಸಿ ಮಾರೋ ಕೂಲೆಂಟ್ ಹಾಕಿ, ಇಲ್ಲ ಗಟ್ಟಿ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಆಗತ್ತಾ ಅಂದ್ರೆ, ಬೋರ್ ನೀರಿಗಿಂತ ಎಷ್ಟೋ ವಾಸಿ. ಆಪತ್ತಿಗೆ ಸರಿ, ಅಭ್ಯಾಸಕ್ಕೆ ಬೇಡ. ಅರಿಶಿನದ ಪುಡಿ ಹಾಕಿ ತೂತು ಮುಚ್ಚೋ ವಿದ್ಯೆ ಇನ್ನೂ ಬದುಕಿದೆ. ಅದು ತೂತಿನ ಜೊತೆ ಒಳ್ಳೇ ಕೊಳವೆಯನ್ನೂ ಮುಚ್ಚತ್ತೆ.

ಹೊರಗೆ ಎಲ್ಲೂ ಸಿಗದಿದ್ರೆ ಮಾತ್ರ ಎಂಜಿನ್ ಒಳಗಿನ ಅನುಮಾನ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ, ಬಾಟಲಿಯಲ್ಲಿ ಒಂದೇ ಸಮ ಗುಳ್ಳೆ ಕಾಣ್ತಿದ್ಯಾ ನೋಡಿ. ಆಯಿಲ್ ಮುಚ್ಚಳದ ಕೆಳಗೆ ಮಾತ್ರ ಬಿಳೀ ಲೇಪ ಇದ್ರೆ ಗಾಬರಿ ಬೇಡ, ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪ ದೂರ ಮಾತ್ರ ಓಡೋ ಕಾರಲ್ಲಿ ಅದು ಇರತ್ತೆ. ಗ್ಯಾರೇಜಲ್ಲಿ ಎರಡು ಟೆಸ್ಟ್ ಕೇಳಿ. ಒಂದು ಪ್ರೆಷರ್ ಟೆಸ್ಟ್: ತಣ್ಣಗಿರೋ ಎಂಜಿನ್ನಿಗೆ ಕ್ಯಾಪ್ ಮೇಲಿನ ಅಂಕಿಯಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಮುಳ್ಳು ಇಳಿಯತ್ತಾ ನೋಡೋದು. ಇನ್ನೊಂದು ಕೆಮಿಕಲ್ ಟೆಸ್ಟ್: ರೇಡಿಯೇಟರಿನ ಗಾಳಿಯನ್ನ ನೀಲಿ ದ್ರವದ ಮೂಲಕ ಎಳೀತಾರೆ. ಎಂಜಿನ್ ಸುಟ್ಟ ಗ್ಯಾಸ್ ಅದರಲ್ಲಿ ಸೇರಿದ್ರೆ ನೀಲಿ ಹೋಗಿ ಹಳದಿ ಆಗತ್ತೆ. ಇದು ಹಳದಿ ಆಗದೇ ಹೆಡ್ ಬಿಚ್ಚೋಕೆ ಒಪ್ಪಬೇಡಿ. ಹೋಗೋ ಮುಂಚೆ ಬಾಟಲಿ ಮೇಲೆ ಮಾರ್ಕರಲ್ಲಿ ಗೆರೆ ಎಳೆದು, ಎಷ್ಟು ಕಿಲೋಮೀಟರಿಗೆ ಎಷ್ಟು ಇಳೀತು ಅಂತ ಬರೆದಿಟ್ಕೊಳ್ಳಿ. "ತುಂಬಾ ಕಮ್ಮಿ ಆಗತ್ತೆ" ಅನ್ನೋದಕ್ಕಿಂತ "300 ಕಿಲೋಮೀಟರಿಗೆ ಅರ್ಧ ಲೀಟರ್" ಅಂದ್ರೆ ಮೆಕ್ಯಾನಿಕ್ಕೂ ಬೇರೆ ಥರ ಕೇಳಿಸ್ಕೊಳ್ತಾರೆ.

ಇನ್ನು ಮುಳ್ಳಿನ ವಿಷಯ. ಕೂಲೆಂಟ್ ತೀರಾ ಇಳಿದ್ರೆ ಸೆನ್ಸರ್ ನೀರು ಬಿಟ್ಟು ಗಾಳಿಯಲ್ಲಿ ನಿಂತ್ಬಿಡತ್ತೆ. ಆಗ ಎಂಜಿನ್ ಸುಡ್ತಿದ್ರೂ ಮುಳ್ಳು ಕೆಳಗೇ ಇರಬಹುದು. ಹೈವೇಯಲ್ಲಿ ಮುಳ್ಳು ಇದ್ದಕ್ಕಿದ್ದ ಹಾಗೆ ಏರಿದ್ರೂ ಅಷ್ಟೇ, ಬಿದ್ರೂ ಅಷ್ಟೇ. ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಅರ್ಧ ಗಂಟೆಯಾದ್ರೂ ಕಾಯಿರಿ. ಮೇಲಿನ ಹೋಸ್ ಪೈಪ್ ಪೂರ್ತಿ ತಣ್ಣಗಾಗೋವರೆಗೂ ಕ್ಯಾಪಿಗೆ ಕೈ ಹಾಕಬೇಡಿ. ಒತ್ತಡ ಬಿಟ್ಟ ತಕ್ಷಣ ಒಳಗಿನ ನೀರು ಕುದ್ದು ಮುಖಕ್ಕೇ ಚಿಮ್ಮತ್ತೆ.