ಜರ್ಮನರ ಸಂಜೆಯ ರೊಟ್ಟಿ

ಕನ್ನಡ ಪಾಠ ಹೇಳುತ್ತ ಬಾಳನ್ನು ಕಳೆದವನು ನಾನು. ಪಾಕಶಾಸ್ತ್ರದಲ್ಲಿ ನನಗೆ ಏನಾದರೂ ಅಧಿಕಾರವಿದ್ದರೆ ಅದು ಉಣ್ಣುವವನದೇ ಹೊರತು ಅಡುಗೆ ಮಾಡುವವನದಲ್ಲ. ಅಂಥವನು ಜರ್ಮನರ ತಿಂಡಿತಿನಿಸುಗಳ ವಿಷಯ ಮಾತನಾಡಲು ಹೊರಟಿರುವುದು ಕೇಳುಗರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣರಾದವರು ನಮ್ಮ ಬೀದಿಯ ಕೆಲವು ತರುಣ ತರುಣಿಯರು. ಓದಿಗೆಂದೋ ಉದ್ಯೋಗಕ್ಕೆಂದೋ ಜರ್ಮನಿಗೆ ಹೋಗುವ ಆಸೆಯಿಂದ ಆ ಭಾಷೆಯನ್ನು ಕಲಿಯುತ್ತಿದ್ದವರು. ತರಗತಿ ಮುಗಿಯುವ ದಿನ ‘ಜರ್ಮನ್ ಸಂಜೆ’ ಎಂದು ಒಂದು ಕೂಟವನ್ನು ಏರ್ಪಡಿಸಿದ್ದರು. ನಾನು ಆ ದೇಶದಲ್ಲಿ ಮೂರು ತಿಂಗಳು ಇದ್ದು ಬಂದವನೆಂಬುದನ್ನು ಯಾರಿಂದಲೋ ಕೇಳಿ, “ಮೇಷ್ಟ್ರೇ, ಬಂದವರಿಗೆ ತಿನ್ನಲು ಏನು ಕೊಡೋಣ?” ಎಂದು ವಿಚಾರಿಸಲು ಬಂದರು. ಅವರ ಕೈಯಲ್ಲಿ ಒಂದು ಪಟ್ಟಿಯಿತ್ತು. ನೀಲಿ ಬಿಳಿ ಚೌಕಳಿಯ ತೋರಣ, ಗರಿ ಸಿಕ್ಕಿಸಿದ ಟೊಪ್ಪಿಗೆ, ಹಿಡಿಯುಳ್ಳ ದೊಡ್ಡ ಗಾಜಿನ ಲೋಟಗಳು. ಬವೇರಿಯವೆಂಬ ಒಂದು ಪ್ರಾಂತದ ಹಬ್ಬದ ವೇಷವೆಲ್ಲ ಅದರಲ್ಲಿತ್ತು. ತಿನಿಸಿನ ಜಾಗ ಮಾತ್ರ ಖಾಲಿಯಾಗಿತ್ತು.

ಉತ್ತರ ಹೇಳುವ ಮೊದಲು ನನಗೆ ನನ್ನದೇ ಒಂದು ತಪ್ಪು ನೆನಪಾಯಿತು.

2018ರಲ್ಲಿ, ಕೆಲಸದಿಂದ ನಿವೃತ್ತನಾದ ಹೊಸದರಲ್ಲಿ, ಸ್ಟುಟ್‌ಗಾರ್ಟ್ ನಗರದ ಸಮೀಪದ ಒಂದು ಸಣ್ಣ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತರ ಅಂಚಿನಲ್ಲಿದ್ದ ಒಬ್ಬ ವೃದ್ಧೆ ಒಂಟಿಯಾಗಿ ವಾಸವಾಗಿದ್ದರು. ನಾನು ಬಂದ ವಾರದಲ್ಲೇ ನಮ್ಮನ್ನು ಸಂಜೆಯ ಊಟಕ್ಕೆ ಕರೆದರು. ನಾನು ಮಧ್ಯಾಹ್ನ ಕಡಿಮೆ ಉಂಡು, ಶುಭ್ರವಾದ ಅಂಗಿ ತೊಟ್ಟು ಹೋದೆ. ಒಲೆ ಉರಿಯುತ್ತಿರಲಿಲ್ಲ. ಮೇಜಿನ ಮೇಲೆ ತಟ್ಟೆಗಳ ಬದಲು ಸಣ್ಣ ಮರದ ಹಲಗೆಗಳು. ನಡುವೆ ಕಪ್ಪು ಬಣ್ಣದ ರೈ ಧಾನ್ಯದ ಬ್ರೆಡ್ಡು, ನಾಲ್ಕು ಬಿಳಿಯ ಬನ್ನುಗಳು, ಬೆಣ್ಣೆ, ಎರಡು ಬಗೆಯ ಚೀಸು, ಉಪ್ಪು ಹಚ್ಚಿದ ಮೂಲಂಗಿಯ ಬಿಲ್ಲೆಗಳು, ಹುಳಿಯಲ್ಲಿ ನೆನೆದ ಸೌತೆಕಾಯಿ. ಇಷ್ಟೆ. ನಾನು ಮಾಂಸ ತಿನ್ನುವವನಲ್ಲವೆಂದು ಮಗಳಿಂದ ಮೊದಲೇ ಕೇಳಿ ತಿಳಿದು ಇವನ್ನೆಲ್ಲ ಆಯ್ದಿಟ್ಟಿದ್ದರು. ಆ ಕಾಳಜಿ ಅಂದು ನನಗೆ ಕಾಣಲಿಲ್ಲ. ‘ತಂಗಳು’ ಎಂಬ ಒಂದೇ ಪದ ತಲೆಯಲ್ಲಿ ಸುಳಿಯುತ್ತಿತ್ತು. ಒಂದು ಬನ್ನನ್ನು ಕೊಯ್ದು, ಅರ್ಧ ತಿಂದು, ಉಳಿದರ್ಧವನ್ನು ಮುಟ್ಟದೆ ಹಲಗೆಯ ಮೇಲೆ ಬಿಟ್ಟೆ. ಏಳುವ ಹೊತ್ತಿಗೆ ಆಕೆ ಆ ಅರ್ಧವನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುದನ್ನು ಕಂಡೆ. ಹೊರಗೆ ಬಂದ ಮೇಲೆ, “ಅತಿಥಿಯನ್ನು ಕರೆದು ತಣ್ಣನೆಯದನ್ನು ಬಡಿಸುವುದು ಯಾವ ಸೀಮೆಯ ಉಪಚಾರ? ಅದರ ಮೇಲೆ ಈ ಜಿಪುಣತನ ಬೇರೆ!” ಎಂದೆ. ಮಗಳು, “ಅಪ್ಪ, ಇಲ್ಲಿ ರಾತ್ರಿಯ ಊಟಕ್ಕೆ ಹೆಸರೇ ಸಂಜೆಯ ರೊಟ್ಟಿ” ಎಂದಳು. ಮತ್ತೇನೂ ಹೇಳಲಿಲ್ಲ.

ಆಕೆ ಹೇಳಿದ ಜರ್ಮನ್ ಪದ ‘ಆಬೆಂಡ್‌ಬ್ರೋಟ್’. ‘ಆಬೆಂಡ್’ ಎಂದರೆ ಸಂಜೆ, ‘ಬ್ರೋಟ್’ ಎಂದರೆ ಬ್ರೆಡ್ಡು. ಅನೇಕ ಜರ್ಮನ್ ಮನೆಗಳಲ್ಲಿ ಬಿಸಿಯಡುಗೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸಂಜೆ ಬ್ರೆಡ್ಡಿನ ಸುತ್ತ ಮನೆಮಂದಿ ಕೂಡುತ್ತಾರೆ. ಅಲ್ಲಿ ದಾಖಲಾಗಿರುವ ಬ್ರೆಡ್ಡಿನ ಬಗೆಗಳು ಮೂರು ಸಾವಿರಕ್ಕೂ ಹೆಚ್ಚು. 2014ರಲ್ಲಿ ಜರ್ಮನಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಯಲ್ಲಿ ಬ್ರೆಡ್ಡಿನ ಸಂಸ್ಕೃತಿಯನ್ನೂ ಸೇರಿಸಿತು. ನನ್ನನ್ನು ಆ ಮೇಜಿಗೆ ಕರೆದುದು ಮನೆಯವನೆಂದು ಎಣಿಸಿ. ನಾನು ಅದನ್ನು ಉದಾಸೀನವೆಂದು ಬಗೆದೆ.

ಮೂರನೆಯ ದಿನ ಬೆಳಿಗ್ಗೆ ಆ ವೃದ್ಧೆ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಬಂದರು. ಹಾಲು ಮೊಟ್ಟೆಗಳಲ್ಲಿ ಅದ್ದಿ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಬೇಯಿಸಿದ ಬ್ರೆಡ್ಡಿನ ಹೋಳುಗಳು. ಮೇಲೆ ಸಕ್ಕರೆ, ದಾಲ್ಚಿನ್ನಿಯ ಪುಡಿ. ಬಿಸಿಬಿಸಿಯಾಗಿದ್ದ ಅದನ್ನು ಎರಡು ಹೋಳು ತಿಂದು ಹೊಗಳಿದೆ. ಹೆಸರು ಕೇಳಿದಾಗ ‘ಆರ್ಮೆ ರಿಟರ್’ ಎಂದರು. ‘ಬಡ ಸರದಾರರು’ ಎಂದು ಕನ್ನಡಿಸಬಹುದು. 14ನೆಯ ಶತಮಾನದ ಜರ್ಮನ್ ಪಾಕಗ್ರಂಥವೊಂದರಲ್ಲೇ ಈ ಹೆಸರು ಕಾಣಸಿಗುತ್ತದೆ. ಮಾಡುವುದು ಹಳಸದೆ ಒಣಗಿ ಉಳಿದ ಬ್ರೆಡ್ಡಿನಿಂದ. “ನೀವು ಮೊನ್ನೆ ಬಿಟ್ಟ ಅರ್ಧವೂ ಇದರಲ್ಲಿದೆ” ಎಂದು ಆಕೆ ನಕ್ಕರು. ಆ ನಗುವಿನಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಆದುದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಅಂದು ಆಕೆ ಮಾತನಾಡಿದುದನ್ನು ಮಗಳು ಕನ್ನಡಿಸುತ್ತ ಹೋದಳು. ಯುದ್ಧ ಮುಗಿದ ಮೇಲೆ ಬಂದ 1946–47ರ ಚಳಿಗಾಲವನ್ನು ಜರ್ಮನರು ‘ಹಸಿವಿನ ಚಳಿಗಾಲ’ ಎಂದೇ ಕರೆಯುತ್ತಾರೆ. ಆಗ ಆಕೆಗೆ ಏಳೆಂಟು ವರ್ಷ. ತಾಯಿ ಮದುವೆಯಲ್ಲಿ ಬಂದ ಮೇಜುಬಟ್ಟೆಗಳನ್ನು ಚೀಲಕ್ಕೆ ತುಂಬಿ, ಕಿಕ್ಕಿರಿದ ರೈಲಿನಲ್ಲಿ ಹಳ್ಳಿಗಳಿಗೆ ಹೋಗಿ, ರೈತರಿಗೆ ಕೊಟ್ಟು, ಆಲೂಗಡ್ಡೆ ತರುತ್ತಿದ್ದರಂತೆ. ಬ್ರೆಡ್ಡು ಕೊಯ್ದಾಗ ಉದುರಿದ ಪುಡಿಯನ್ನು ಒದ್ದೆ ಬೆರಳಿನಿಂದ ಎತ್ತಿ ಮಕ್ಕಳ ಬಾಯಿಗೆ ಹಾಕುತ್ತಿದ್ದರಂತೆ. ನನಗೆ ನನ್ನ ಅವ್ವ ಕಣ್ಣ ಮುಂದೆ ಬಂದಳು. 1965–66ರ ಬರದ ಕಾಲದಲ್ಲಿ ನನಗೂ ಅದೇ ಏಳೆಂಟು ವರ್ಷ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದ ಧಾನ್ಯ, ರಾತ್ರಿ ಉಳಿದ ಅನ್ನಕ್ಕೆ ಹಿಟ್ಟು ಬೆರೆಸಿ ಬೆಳಿಗ್ಗೆ ತಟ್ಟಿದ ರೊಟ್ಟಿ, ಇವನ್ನು ಉಂಡು ಬೆಳೆದವನು ನಾನು. ‘ತಂಗಳು’ ಎಂಬ ಪದವನ್ನು ತಿರಸ್ಕಾರದಿಂದ ಆಡುವಷ್ಟು ಸಿರಿವಂತ ನಾನು ಯಾವಾಗ ಆದೆ?

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಸ್ಟುಟ್‌ಗಾರ್ಟಿನ ಕಾನ್‌ಸ್ಟಾಟ್ ಬಯಲಿನ ಜನೋತ್ಸವವನ್ನು ನೋಡಿದೆ. ಬಣ್ಣದ ದೀಪಗಳು, ತೊಟ್ಟಿಲು, ಡೇರೆಗಳು, ಕುಡಿತ, ಹಾಡು. ನಡುವೆ ಹಣ್ಣು ತರಕಾರಿ ತೆನೆಗಳಿಂದ ಸಿಂಗರಿಸಿದ ಒಂದು ಎತ್ತರದ ಕಂಬ. ಜಾತ್ರೆಯಲ್ಲಿ ಈ ಕಂಬವೇಕೆಂದು ವಿಚಾರಿಸಿದಾಗ ತಿಳಿದ ಕಥೆ ಇದು. 1815ರಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿಯಿತು. ಅದರ ಪ್ರಭಾವದಿಂದ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಈ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಬೆಳೆ ಕೊಳೆತು, ಜನ ಹಿಟ್ಟಿಗೆ ಮರದ ಹೊಟ್ಟನ್ನು ಬೆರೆಸಿ ತಿಂದರು, ಸಾವಿರಾರು ಮಂದಿ ದೇಶ ಬಿಟ್ಟರು. ಬರ ಕಳೆದ ಮೇಲೆ, 1818ರಲ್ಲಿ, ದೊರೆ ಒಂದನೆಯ ವಿಲ್ಹೆಲ್ಮ್ ಬೇಸಾಯಕ್ಕೆ ಉತ್ತೇಜನ ಕೊಡಲು ಈ ಉತ್ಸವವನ್ನು ಆರಂಭಿಸಿದ. ಆ ಕಂಬ ಅನ್ನಕ್ಕೆ ಸಲ್ಲಿಸಿದ ವಂದನೆ. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ವ್ಯೂರ್ಟೆಂಬರ್ಗಿನವರು. ಹುಟ್ಟಿದ್ದು 1811ರಲ್ಲಿ. ಬೇಸಿಗೆ ಬಾರದ ಆ ವರ್ಷ ಅವರು ಐದು ವರ್ಷದ ಹುಡುಗ.

ಈ ಕಥೆಯನ್ನೆಲ್ಲ ತರುಣರಿಗೆ ಹೇಳಿ, ಅನಂತರ ತಿನಿಸುಗಳ ಪಟ್ಟಿಯನ್ನು ಬರೆಸಿದೆ.

ಮೊದಲನೆಯದು ‘ಬ್ರೆಟ್ಸೆಲ್’. ಕಣಕವನ್ನು ಹೊಸೆದು ಗಂಟು ಹಾಕಿದಂಥ ಆಕಾರ. ಲ್ಯಾಟಿನಿನಲ್ಲಿ ತೋಳು ಎಂಬರ್ಥದ ಪದವೇ ಇದರ ಮೂಲ. ಕೈಕಟ್ಟಿ ಕುಳಿತ ವಿನೀತ ಶಿಷ್ಯನಂತೆ ಕಾಣುತ್ತದೆ. ಅಲ್ಲಿಯ ಬೇಕರಿಯವರು ಕ್ಷಾರದ ನೀರಿನಲ್ಲಿ ಅದ್ದಿ ಸುಡುವುದರಿಂದ ಅದಕ್ಕೆ ಆ ಕಂದು ಹೊಳಪು ಬರುತ್ತದೆ. ಮನೆಯಲ್ಲಾದರೆ ಅಡುಗೆ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಹರಳುಪ್ಪು ಉದುರಿಸಿ, ಓವನ್ನಿನಲ್ಲಿ ಬೇಯಿಸಿದರೆ ಸಾಕು. ಸ್ಟುಟ್‌ಗಾರ್ಟ್ ಕಡೆಯವರು ಅದರ ದಪ್ಪ ಹೊಟ್ಟೆಯನ್ನು ಸೀಳಿ ಬೆಣ್ಣೆ ಸವರುತ್ತಾರೆ.

ಎರಡನೆಯದು ‘ಕಾರ್ಟೋಫೆಲ್ ಪುಫರ್’, ಆಲೂಗಡ್ಡೆಯ ದೋಸೆ. 1756ರಲ್ಲಿ ಪ್ರಷ್ಯದ ದೊರೆ ಮಹಾ ಫ್ರೆಡರಿಕ್ ಆಲೂಗಡ್ಡೆಯನ್ನು ಬೆಳೆಸಬೇಕೆಂದು ಅಧಿಕಾರಿಗಳಿಗೆ ಆಜ್ಞೆ ಮಾಡಿದ. ಪಾಟ್ಸ್‌ಡಾಮಿನಲ್ಲಿ ಅವನ ಸಮಾಧಿಯ ಮೇಲೆ ಜನ ಇಂದಿಗೂ ಹೂವಿನೊಡನೆ ಆಲೂಗಡ್ಡೆಯನ್ನು ಇಡುತ್ತಾರೆ. ಹಸಿಯ ಗಡ್ಡೆಯನ್ನು ತುರಿದು, ನೀರನ್ನು ಹಿಂಡಿ, ಈರುಳ್ಳಿ, ಮೊಟ್ಟೆ, ಸ್ವಲ್ಪ ಹಿಟ್ಟು, ಉಪ್ಪು ಸೇರಿಸಿ, ಎಣ್ಣೆ ಬಿಟ್ಟ ಕಾವಲಿಯ ಮೇಲೆ ಗರಿಗರಿಯಾಗಿ ಬೇಯಿಸುವುದು. ಹಿಂಡಿದ ನೀರನ್ನು ಕೂಡಲೇ ಚೆಲ್ಲುವುದಿಲ್ಲ. ತಳದಲ್ಲಿ ನಿಂತ ಬಿಳಿಯ ಗಂಜಿಯನ್ನು ಮತ್ತೆ ಹಿಟ್ಟಿಗೇ ಸೇರಿಸುತ್ತಾರೆ. ಇದಕ್ಕೆ ಬೇಯಿಸಿ ಮಸೆದ ಸೇಬು ಜೊತೆ.

ಮೂರನೆಯದು ‘ಒಬಾಟ್ಸ್ಡ’. ಬವೇರಿಯದವರು ಹೆಚ್ಚು ಹಣ್ಣಾದ ಮೆತ್ತನೆಯ ಕ್ಯಾಮೆಂಬರ್ ಚೀಸನ್ನು ಎಸೆಯದೆ ಬೆಣ್ಣೆ, ಈರುಳ್ಳಿ, ಕೆಂಪು ಮೆಣಸಿನ ಪುಡಿಗಳೊಡನೆ ಮಿದ್ದು ಮಾಡುವ ಚಟ್ನಿಯಂಥ ಪದಾರ್ಥ. ಬ್ರೆಟ್ಸೆಲಿಗೆ ಇದು ಒಳ್ಳೆಯ ಸಂಗಾತಿ. ಪಕ್ಕದಲ್ಲಿ ತೆಳ್ಳಗೆ ಕೊಯ್ದು ಉಪ್ಪು ಹಾಕಿ ನೀರೊಡೆಯಲು ಬಿಟ್ಟ ಮೂಲಂಗಿ.

“ನೋಡಲು ಚೆನ್ನಾಗಿರುವುದು ಒಂದೂ ಇಲ್ಲವಲ್ಲ ಮೇಷ್ಟ್ರೇ” ಎಂದು ಒಬ್ಬಳು ಹುಡುಗಿ ಪೇಚಾಡಿದಳು. ಅದೂ ಉಂಟು. ಪಶ್ಚಿಮ ಜರ್ಮನಿಯಲ್ಲಿ ರೇಷನ್ ಚೀಟಿ ರದ್ದಾದದ್ದು 1950ರಲ್ಲಿ. ಆಮೇಲಿನ ದಶಕಗಳ ಕೂಟಗಳಲ್ಲಿ ಮೇಜಿನ ನಡುವೆ ಒಂದು ‘ಚೀಸಿನ ಇಗೆಲ್’ ಕುಳಿತಿರುತ್ತಿತ್ತು. ಇಗೆಲ್ ಎಂದರೆ ಮೈಯೆಲ್ಲ ಮುಳ್ಳಿರುವ ಪುಟ್ಟ ಪ್ರಾಣಿ. ಅರ್ಧ ಎಲೆಕೋಸನ್ನೋ ಕರಬೂಜವನ್ನೋ ಬೋರಲಿಟ್ಟು, ಚೀಸಿನ ತುಂಡು ಮತ್ತು ದ್ರಾಕ್ಷಿ ಪೋಣಿಸಿದ ಕಡ್ಡಿಗಳನ್ನು ಅದಕ್ಕೆ ಚುಚ್ಚುವುದು. 1955ರಲ್ಲಿ ದೂರದರ್ಶನದ ಅಡುಗೆಗಾರ ಕ್ಲೆಮೆನ್ಸ್ ವಿಲ್ಮೆನ್‌ರೋಡ್ ಜನಪ್ರಿಯಗೊಳಿಸಿದ ‘ಟೋಸ್ಟ್ ಹವಾಯಿ’ಯೂ ಆ ಕಾಲದ್ದೆ. ಬ್ರೆಡ್ಡಿನ ಮೇಲೆ ಹಂದಿಮಾಂಸ, ಡಬ್ಬಿಯ ಅನಾನಸು, ಅದರ ಮೇಲೆ ಕರಗಿದ ಚೀಸು. ಇವು ನಮಗೆ ಆಟದಂತೆ ಕಾಣಬಹುದು. ಹತ್ತು ವರ್ಷಗಳ ಹಿಂದೆ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಎತ್ತಿದವರ ಆಟ ಅದು.

ಕೂಟಕ್ಕೆ ನನ್ನನ್ನೂ ಕರೆದಿದ್ದರು. ತೋರಣ ಇತ್ತು, ಟೊಪ್ಪಿಗೆಗಳೂ ಇದ್ದವು. ತರುಣರ ಸಂತೋಷಕ್ಕೆ ಅಡ್ಡ ಬರಲು ನಾನು ಯಾರು? ಆದರೆ ಒಂದೇ ಉದ್ದನೆಯ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ, ನಡುವೆ ಬ್ರೆಡ್ಡನ್ನಿಟ್ಟು, ಒಬ್ಬರು ಕೊಯ್ದು ಇನ್ನೊಬ್ಬರಿಗೆ ದಾಟಿಸುವಂತೆ ಏರ್ಪಡಿಸಿದ್ದರು. ಬ್ರೆಟ್ಸೆಲುಗಳ ಕೈ ಸ್ವಲ್ಪ ಸೊಟ್ಟಗಾಗಿದ್ದವು. ಆಲೂಗಡ್ಡೆಯ ದೋಸೆ ಮೊದಲು ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಆ ಹುಡುಗಿ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. “ರಾತ್ರಿ ಉಳಿದ ಬ್ರೆಡ್ಡು ಮೇಷ್ಟ್ರೇ, ಬಡ ಸರದಾರರು” ಎಂದಳು. ಅವಳ ಎದುರಿಗೇ ತಿಂದೆ. ಒಂದು ಚೂರನ್ನೂ ಬಿಡಲಿಲ್ಲ.

ಅಂದು ರಾತ್ರಿ ಮಗಳಿಗೆ ದೂರವಾಣಿ ಮಾಡಿ, ಪಕ್ಕದ ಮನೆಯ ಆ ಹಿರಿಯರಿಗೆ ನನ್ನ ಪರವಾಗಿ ಒಂದು ಮಾತು ತಿಳಿಸಬೇಕೆಂದು ಕೇಳಿಕೊಂಡೆ. ಸಂಜೆಯ ರೊಟ್ಟಿ ಬಹಳ ಚೆನ್ನಾಗಿತ್ತು ಎಂದು. ಅಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.